ಮುಂದೆ ಯಾವ ಕ್ರೈಂ ಸೀರೀಸ್: ಬಾಲ್ಟಿಮೋರೋ, ಯಾರ್ಕ್‌ಶೈರೋ, ಜಮುನಾಪಾರೋ?

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಹೋದ ವರ್ಷ ಮೂರು ಜನ ನನ್ನನ್ನು ಒಂದೇ ಪ್ರಶ್ನೆ ಕೇಳಿದರು. ‘ಬ್ರೇಕಿಂಗ್ ಬ್ಯಾಡ್ ಮುಗೀತು, ಇನ್ನೊಂದು ಒಳ್ಳೇ ಕ್ರೈಂ ಸೀರೀಸ್ ಹೇಳು.’ ಒಬ್ಬರು ನಮ್ಮ ಅತ್ತಿಗೆ, ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಒಂದು ಗಂಟೆ ಟಿವಿ ಮುಂದೆ ಕೂರುವವರು. ಇನ್ನೊಬ್ಬ ನೈಟ್ ಶಿಫ್ಟ್ ಮಾಡುವ ಗೆಳೆಯ. ಮೂರನೆಯವನು ಪಿಜಿಯಲ್ಲಿರುವ ಹುಡುಗ, ಒಂದೇ ತಿಂಗಳ ಸಬ್‌ಸ್ಕ್ರಿಪ್ಷನ್‌ಗೆ ದುಡ್ಡು ಎತ್ತಿಟ್ಟವನು. ಮೂವರಿಗೂ ಕಣ್ಣು ಮುಚ್ಚಿಕೊಂಡು ‘ದಿ ವೈರ್ ನೋಡಿ’ ಅಂದೆ. ಯಾರೂ ಎರಡನೇ ಎಪಿಸೋಡು ದಾಟಲಿಲ್ಲ. ಅತ್ತಿಗೆಯಂತೂ ‘ಅದೇನು ಮಾತಾಡ್ತಾರೋ ಒಂದೂ ತಿಳಿಯಲ್ಲಪ್ಪ’ ಅಂತ ರಿಮೋಟ್ ಕೆಳಗಿಟ್ಟರು.

ತಪ್ಪು ವೈರ್‌ದಲ್ಲ, ನನ್ನದು. ಯಾರು, ಯಾವ ಹೊತ್ತಲ್ಲಿ, ಎಷ್ಟು ಸುಸ್ತಾಗಿ ಕೂತು ನೋಡುತ್ತಾರೆ ಅಂತ ನಾನು ಕೇಳಲೇ ಇಲ್ಲ. ಹಾಗಾಗಿ ಈ ಸಲ ‘ಜಗತ್ತಿನಲ್ಲೇ ಬೆಸ್ಟ್ ಯಾವುದು’ ಅನ್ನುವ ಜಗಳ ಬೇಡ. ಆ ಪಟ್ಟಿಗಳು ಎಲ್ಲ ಕಡೆ ಸಿಗುತ್ತವೆ, ಹೆಸರುಗಳೂ ಹೆಚ್ಚುಕಡಿಮೆ ಅವೇ.

ಬದಲಿಗೆ ಇಷ್ಟು ನೋಡೋಣ. ಒಟ್ಟು ಎಷ್ಟು ಗಂಟೆ ಬೇಕು? ನಮ್ಮನ್ನು ಹಿಡಿಯುವುದಕ್ಕೆ ಎಷ್ಟು ಎಪಿಸೋಡು ತೆಗೆದುಕೊಳ್ಳುತ್ತದೆ? ಕಿವಿಗೆ ಎಷ್ಟು ಕಷ್ಟ, ಅಂದರೆ ಅವರೆಕಾಯಿ ಸುಲಿಯುತ್ತಾ ನೋಡಬಹುದಾ, ಇಲ್ಲ ಸಬ್‌ಟೈಟಲ್‌ನಿಂದ ಕಣ್ಣೇ ತೆಗೆಯುವ ಹಾಗಿಲ್ವಾ? ಅಪ್ಪ ಅಮ್ಮ, ಮಕ್ಕಳು ಹಾಲ್‌ನಲ್ಲಿದ್ದಾಗ ಹಾಕಬಹುದಾ? ಕಥೆಗೆ ಒಂದು ಕೊನೆ ಇದೆಯಾ, ಇಲ್ಲ ಮಧ್ಯದಲ್ಲೇ ಕೈಬಿಟ್ಟಿದ್ದಾರಾ? ಆಮೇಲೆ ನಿಮಗೆ ಯಾವ ಕುತೂಹಲ ಜಾಸ್ತಿ ಅನ್ನುವುದು. ‘ಯಾರು ಕೊಂದಿದ್ದು’ ಅಂತಲೋ, ‘ಇವನು ಸಿಕ್ಕಿಬೀಳ್ತಾನಾ’ ಅಂತಲೋ, ‘ಈ ಊರು ಯಾಕೆ ಹೀಗಿದೆ’ ಅಂತಲೋ. ಈ ಮೂರೂ ಬೇರೆ ಬೇರೆ ಹಸಿವು, ಒಂದಕ್ಕೆ ಇನ್ನೊಂದರ ಊಟ ಬಡಿಸಿದರೆ ಬೇಜಾರೇ ಆಗುವುದು.

ಕಥೆಗೆ ಕೊನೆ ಇದೆಯಾ ಅನ್ನುವುದಕ್ಕೆ ಒಂದು ಉದಾಹರಣೆ ಈಗಲೇ ಕೊಟ್ಟುಬಿಡುತ್ತೇನೆ. ಜೈಲಿನಲ್ಲಿರುವ ಸರಣಿ ಕೊಲೆಗಾರರ ಜೊತೆ ಕೂತು ಮಾತಾಡುವ ಎಫ್‌ಬಿಐನವರ ಕಥೆ ‘ಮೈಂಡ್‌ಹಂಟರ್’ ಅದ್ಭುತವಾಗಿದೆ. ಆದರೆ 2017ರಲ್ಲಿ ಒಂದು ಸೀಸನ್, 2019ರಲ್ಲಿ ಒಂದು, ಒಟ್ಟು 19 ಎಪಿಸೋಡು, ಅಲ್ಲಿಗೆ ನಿಂತಿದೆ. ದಾರ ಹಾಗೇ ನೇತಾಡುತ್ತಿದೆ. ಕೊನೆ ಬೇಕೇ ಬೇಕು ಅನ್ನುವವರು ಅದರ ಹತ್ತಿರ ಹೋಗಬೇಡಿ.

ಈಗ ವೈರ್‌ಗೇ ಬರುತ್ತೇನೆ, ಯಾಕಂದ್ರೆ ಎಲ್ಲರೂ ಸಿಕ್ಕಿಕೊಳ್ಳುವುದು ಇಲ್ಲೇ. ಅಮೆರಿಕದ ಬಾಲ್ಟಿಮೋರ್ ಊರಿನ ಕಥೆ, 2002ರಿಂದ 2008ರವರೆಗೆ ಅಲ್ಲಿನ ಎಚ್‌ಬಿಒ ಚಾನೆಲ್‌ನಲ್ಲಿ ಬಂತು. ಐದು ಸೀಸನ್, 60 ಎಪಿಸೋಡು, ಹತ್ತಿರ ಹತ್ತಿರ 60 ಗಂಟೆ. ದಿನಕ್ಕೆ ಎರಡು ಗಂಟೆ ಅಂದರೂ ಒಂದು ತಿಂಗಳು ಪೂರ್ತಿ ಹೋಗುತ್ತದೆ. ಇದನ್ನು ಕಟ್ಟಿದ ಡೇವಿಡ್ ಸೈಮನ್ ‘ಬಾಲ್ಟಿಮೋರ್ ಸನ್’ ಪತ್ರಿಕೆಯಲ್ಲಿ ಪೊಲೀಸ್ ಸುದ್ದಿ ಬರೆಯುತ್ತಿದ್ದ ವರದಿಗಾರ. ಜೊತೆಗಿದ್ದ ಎಡ್ ಬರ್ನ್ಸ್ ಅದೇ ಊರಿನ ಪೊಲೀಸ್ ಡಿಟೆಕ್ಟಿವ್ ಆಗಿದ್ದು, ಆಮೇಲೆ ಸರ್ಕಾರಿ ಶಾಲೆಯ ಮೇಷ್ಟ್ರಾದವರು. ಇಬ್ಬರೂ ಕಂಡಿದ್ದನ್ನೇ ಬರೆದರು. ಮೊದಲ ಸೀಸನ್ ಡ್ರಗ್ಸ್ ಮಾರುವವರು ಮತ್ತು ಅವರ ಫೋನ್ ಕದ್ದು ಕೇಳುವ ಪೊಲೀಸರದ್ದು. ಎರಡನೆಯದು ಬಂದರಿನ ಕೂಲಿಗಳದ್ದು. ಆಮೇಲೆ ರಾಜಕೀಯ, ಶಾಲೆ, ಪತ್ರಿಕೆ. ಊರಿನ ಒಂದೊಂದೇ ಗೋಡೆ ಬಿಚ್ಚಿ ಒಳಗಿನ ವೈರಿಂಗ್ ತೋರಿಸಿದ ಹಾಗೆ.

ಇಲ್ಲಿ ‘ಕೊಲೆಗಾರ ಯಾರು’ ಅನ್ನುವುದು ದೊಡ್ಡ ಪ್ರಶ್ನೆಯೇ ಅಲ್ಲ, ಬಹಳಷ್ಟು ಸಲ ಯಾರು ಅಂತ ನಮಗೆ ಮೊದಲೇ ಗೊತ್ತಿರುತ್ತದೆ. ಮೂರನೇ ಎಪಿಸೋಡಿನ ಒಂದು ದೃಶ್ಯ ಹೇಳುತ್ತೇನೆ, ಕಥೆ ಏನೂ ಒಡೆಯುವುದಿಲ್ಲ. ಬಡವರ ಸರ್ಕಾರಿ ವಸತಿಯ ಅಂಗಳ, ಮಧ್ಯೆ ಒಂದು ಹಳೇ ಕಿತ್ತಳೆ ಬಣ್ಣದ ಸೋಫಾ. ಇಬ್ಬರು ಹುಡುಗರು ಚದುರಂಗದ ಕಾಯಿ ಇಟ್ಟುಕೊಂಡು ಚೆಕರ್ಸ್ ಅನ್ನುವ ಬೇರೆ ಆಟ ಆಡುತ್ತಿದ್ದಾರೆ, ಯಾಕಂದ್ರೆ ಚದುರಂಗ ಗೊತ್ತಿಲ್ಲ. ಅವರಿಗಿಂತ ಸ್ವಲ್ಪ ದೊಡ್ಡವನಾದ ಡಿ’ಆಂಜೆಲೋ ಬಂದು ಕೂತು ಕಲಿಸುತ್ತಾನೆ. ಇವನು ರಾಜ, ಅಂದ್ರೆ ನಮ್ಮ ಬಾಸು, ಇವನು ಏನೂ ಮಾಡಬೇಕಾಗಿಲ್ಲ, ಎಲ್ಲರೂ ಇವನನ್ನು ಕಾಯಬೇಕು. ಇವು ಪ್ಯಾದೆಗಳು, ಮುಂದೆ ನಿಲ್ಲುವವರು, ಬೇಗ ಹೋಗುವವರು. ಹುಡುಗನೊಬ್ಬ ಕೇಳುತ್ತಾನೆ, ಪ್ಯಾದೆ ಆ ತುದಿ ಮುಟ್ಟಿದರೆ ರಾಜ ಆಗ್ತಾನಾ? ಇಲ್ಲ ಅನ್ನುತ್ತಾನೆ ಡಿ’ಆಂಜೆಲೋ, ರಾಜ ರಾಜನಾಗೇ ಇರುತ್ತಾನೆ. ಹುಡುಗನಿಗೆ ಒಪ್ಪಿಗೆಯಾಗುವುದಿಲ್ಲ, ಪ್ಯಾದೆ ಚಾಲಾಕಿಯಾಗಿದ್ದರೆ ಅಂತ ವಾದ ಹಾಕುತ್ತಾನೆ. ನಮ್ಮಲ್ಲಿ ಚದುರಂಗದ ಪ್ಯಾದೆಯೂ ಠಾಣೆಯ ಪೇದೆಯೂ ಒಂದೇ ಶಬ್ದದ ಮಕ್ಕಳು ಅಲ್ವಾ? ಐದು ಸೀಸನ್ ಪೂರ್ತಿ ವೈರ್ ತೋರಿಸುವುದು ಅದನ್ನೇ. ಬೀದಿಯ ಪ್ಯಾದೆಯ ಗತಿಯೂ ಠಾಣೆಯ ಪೇದೆಯ ಗತಿಯೂ ಅಷ್ಟರಲ್ಲೇ ಇದೆ.

ಸಮಸ್ಯೆ ಏನಂದ್ರೆ, ಈ ಸುಖ ಸಿಗಬೇಕಾದರೆ ನಾಲ್ಕು ಎಪಿಸೋಡು ತಾಳ್ಮೆ ಬೇಕು. ನಾನೇ ಮೂರು ಸಲ ಶುರು ಮಾಡಿದೆ. ಹೆಸರುಗಳು ಒಂದರ ಮೇಲೊಂದು ಬಂದು ಬೀಳುತ್ತವೆ, ‘ಹಿಂದಿನ ಕಥೆ ಹೀಗಿತ್ತು’ ಅಂತ ಯಾರೂ ಕೈ ಹಿಡಿದು ನಡೆಸುವುದಿಲ್ಲ. ಬಾಲ್ಟಿಮೋರ್ ಬೀದಿಯ ಇಂಗ್ಲಿಷ್, ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರ ಕಿವಿಗೂ ಹತ್ತುವುದಿಲ್ಲ. ಮೂರನೇ ಸಲ ಸಬ್‌ಟೈಟಲ್ ಹಾಕಿಕೊಂಡು, ಹಾಲಿನ ಲೆಕ್ಕ ಬರೆಯುವ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಯಾರು ಯಾರ ಕಡೆಯವನು ಅಂತ ಗೀಚಿಕೊಂಡು ಕೂತೆ. ಆಮೇಲೆ ಬಿಡಲಿಲ್ಲ. ಇಷ್ಟೆಲ್ಲ ಇದ್ದೂ ಇದಕ್ಕೆ ಅಮೆರಿಕದ ದೊಡ್ಡ ಟಿವಿ ಪ್ರಶಸ್ತಿ ಎಮ್ಮಿ ಒಂದೇ ಒಂದೂ ಬರಲಿಲ್ಲ. ಬರವಣಿಗೆಗೆ ಎರಡು ನಾಮನಿರ್ದೇಶನ, ಅಷ್ಟೇ. ಬೈಗುಳ, ಬೆತ್ತಲೆ ದೃಶ್ಯ, ರಕ್ತ ಎಲ್ಲ ಇದೆ, ಮನೆಮಂದಿ ಜೊತೆ ಆಗದು. ಊರು ಯಾಕೆ ಹೀಗಿದೆ ಅನ್ನುವ ಹಸಿವು ನಿಮಗಿದ್ದರೆ ಮಾತ್ರ, ಅದೂ ದಸರಾ ರಜೆಯಂಥ ಬಿಡುವು ಇದ್ದಾಗ, ಶುರು ಮಾಡಿ.

‘ದಿ ಸೋಪ್ರಾನೋಸ್’ ಇದಕ್ಕಿಂತಲೂ ಉದ್ದ. 1999ರಿಂದ 2007, 86 ಎಪಿಸೋಡು. ಆದರೆ ಹೊರೆ ಅನಿಸುವುದಿಲ್ಲ, ಯಾಕಂದ್ರೆ ಒಂದೊಂದು ಎಪಿಸೋಡು ತನ್ನಷ್ಟಕ್ಕೆ ಒಂದು ಸಣ್ಣ ಕಥೆಯ ಹಾಗಿರುತ್ತದೆ. ನ್ಯೂಜೆರ್ಸಿಯ ಮಾಫಿಯಾ ಬಾಸ್ ಟೋನಿ, ಈಜುಕೊಳಕ್ಕೆ ಬಂದ ಬಾತುಕೋಳಿಗಳು ಹಾರಿಹೋದವು ಅಂತ ಕುಸಿದು ಬೀಳುತ್ತಾನೆ, ಮನೋವೈದ್ಯೆಯ ಹತ್ತಿರ ಹೋಗುತ್ತಾನೆ. ಅಲ್ಲಿಂದ ಶುರು. ಮೊದಲ ಎಪಿಸೋಡಿಗೇ ಹಿಡಿಯುತ್ತದೆ. ತಮಾಷೆ ಜಾಸ್ತಿ, ಊಟ ಇನ್ನೂ ಜಾಸ್ತಿ, ಖಾಲಿ ಹೊಟ್ಟೆಯಲ್ಲಿ ನೋಡಬಾರದು. ಒಬ್ಬರೇ ನೋಡಬೇಕು ಅನ್ನುವುದಂತೂ ಖಚಿತ, ಆ ಬಾಸ್‌ನ ಆಫೀಸ್ ಇರುವುದೇ ಒಂದು ಕ್ಲಬ್ಬಿನ ಹಿಂದಿನ ರೂಮಲ್ಲಿ, ಎಂಥ ಕ್ಲಬ್ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಕೊನೆಯ ನಿಮಿಷದ ಬಗ್ಗೆ ಅಭಿಮಾನಿಗಳು ಇವತ್ತಿಗೂ ಕಿತ್ತಾಡುತ್ತಾರೆ. ನಾನು ಏನೂ ಹೇಳುವುದಿಲ್ಲ. ನಿಮ್ಮ ಟಿವಿ ಕೆಟ್ಟಿಲ್ಲ ಅಂತ ಮಾತ್ರ ಈಗಲೇ ಹೇಳಿರುತ್ತೇನೆ.

ಬ್ರೇಕಿಂಗ್ ಬ್ಯಾಡ್ ಇನ್ನೂ ನೋಡದವರು ಯಾರಾದರೂ ಇದ್ದರೆ ಇಷ್ಟು ಸಾಕು. 62 ಎಪಿಸೋಡು, ಐವತ್ತು ಗಂಟೆಯ ಒಳಗೆ, ‘ಕದ್ದು ಡ್ರಗ್ಸ್ ತಯಾರಿಸುವ ಕೆಮಿಸ್ಟ್ರಿ ಮೇಷ್ಟ್ರು ಸಿಕ್ಕಿಬೀಳ್ತಾರಾ’ ಅನ್ನುವ ಒಂದೇ ದಾರದ ಮೇಲೆ ನಡೆಯುವ ಕಥೆ, ಕೊನೆ ಗಟ್ಟಿಯಾಗಿದೆ. ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಸುಲಭವಾಗಿ ಹೊಟ್ಟೆಗಿಳಿಯುವುದು ಇದೇ. ಇದಾದ ಮೇಲೆ ಇದರಲ್ಲೇ ಬರುವ ವಕೀಲನ ಕಥೆ ‘ಬೆಟರ್ ಕಾಲ್ ಸಾಲ್’, 63 ಎಪಿಸೋಡು. ನಿಧಾನ, ಆದರೆ ನನ್ನ ಪ್ರಕಾರ ಅಣ್ಣನಿಗಿಂತ ತಮ್ಮನೇ ಒಂದು ಕೈ ಮೇಲು.

ಅಮೆರಿಕ ಬಿಟ್ಟು ಇಂಗ್ಲೆಂಡಿಗೆ ಬಂದರೆ ಗಂಟೆಗಳ ಲೆಕ್ಕ ಕೂಡಲೇ ಇಳಿಯುತ್ತದೆ. ಅಲ್ಲಿ ಒಂದು ಸೀಸನ್ ಅಂದ್ರೆ ಸಾಮಾನ್ಯವಾಗಿ ಆರು, ಹೆಚ್ಚಂದ್ರೆ ಎಂಟು ಎಪಿಸೋಡು. ‘ಹ್ಯಾಪಿ ವ್ಯಾಲಿ’ 2014, 2016, 2023ರಲ್ಲಿ ಆರಾರು ಎಪಿಸೋಡಿನ ಮೂರು ಸೀಸನ್ ಬಂದು ಮುಗಿಯಿತು. ಎಲ್ಲ ಸೇರಿ 18 ಗಂಟೆಯೂ ಆಗದು. ಬರೆದವರು ಸ್ಯಾಲಿ ವೇನ್‌ರೈಟ್, ಜಾಗ ಯಾರ್ಕ್‌ಶೈರಿನ ಕಾಲ್ಡರ್ ಕಣಿವೆ. ಹೆಸರು ಕೇಳಿ ಮೋಸ ಹೋಗಬೇಡಿ, ಅಲ್ಲಿ ಡ್ರಗ್ಸ್ ಜಾಸ್ತಿ ಅಂತ ಪೊಲೀಸರೇ ಕುಹಕದಲ್ಲಿ ಇಟ್ಟ ಅಡ್ಡಹೆಸರು ಅದು.

ಶುರುವಿನ ದೃಶ್ಯ ನೋಡಿ. ಮಕ್ಕಳ ಪಾರ್ಕಿನ ಆಟದ ಕಂಬಿಯ ಮೇಲೆ ಒಬ್ಬ ಹುಡುಗ, ಮೈಗೆಲ್ಲ ಪೆಟ್ರೋಲ್, ಕೈಯಲ್ಲಿ ಲೈಟರ್. ಪೊಲೀಸ್ ಸಾರ್ಜೆಂಟ್ ಕ್ಯಾಥರೀನ್ ಅಂಗಡಿಗೆ ನುಗ್ಗಿ ಬೆಂಕಿ ಆರಿಸುವ ಸಿಲಿಂಡರ್ ಎತ್ತಿಕೊಳ್ಳುತ್ತಾಳೆ, ಜೊತೆಗೊಂದು ತಂಪು ಕನ್ನಡಕ. ಸಾಯೋದು ಅವನಿಷ್ಟ, ಅದಕ್ಕೆ ನನ್ನ ಹುಬ್ಬು ಯಾಕೆ ಸುಟ್ಟುಕೊಳ್ಳಲಿ ಅನ್ನುವ ಧಾಟಿ. ಆಮೇಲೆ ಅವನ ಮುಂದೆ ನಿಂತು ತನ್ನ ಪರಿಚಯ ಹೇಳಿಕೊಳ್ಳುತ್ತಾಳೆ: ವಯಸ್ಸು 47, ಡೈವೋರ್ಸ್ ಆಗಿದೆ, ಹೆರಾಯಿನ್ ಚಟ ಬಿಡುತ್ತಿರುವ ತಂಗಿ ಜೊತೆ ಇದ್ದೇನೆ, ಎರಡು ಮಕ್ಕಳು, ಒಂದು ಸತ್ತಿದೆ, ಇನ್ನೊಂದು ನನ್ನ ಜೊತೆ ಮಾತಾಡಲ್ಲ, ಒಬ್ಬ ಮೊಮ್ಮಗ ಇದ್ದಾನೆ. ಬೇರೆ ಸೀರೀಸ್ ಆಗಿದ್ದರೆ ಇಷ್ಟು ತಿಳಿಸೋಕೆ ಮೂರು ಎಪಿಸೋಡು ತಗೊಳ್ಳುತ್ತಿತ್ತು. ಇಲ್ಲಿ ಕೆಲವು ನಿಮಿಷದಲ್ಲಿ ಅವಳು ನಮ್ಮ ಬೀದಿಯ ಯಾರೋ ಗಟ್ಟಿಗಿತ್ತಿ ಅನಿಸಿಬಿಡುತ್ತಾಳೆ. ಈ ಪಾತ್ರ ಮಾಡಿದ ಸಾರಾ ಲ್ಯಾಂಕಶೈರ್ ಅವರ ಮುಖ ನೋಡುತ್ತಿದ್ದರೆ ಸಾಕು.

ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ಮೊಮ್ಮಗನ ಪಾತ್ರ ಮಾಡಿದ ಹುಡುಗ ಮೂರೂ ಸೀಸನ್‌ನಲ್ಲಿ ಒಬ್ಬನೇ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಏಳು ವರ್ಷ ಬಿಟ್ಟರು, ಹುಡುಗ ನಿಜವಾಗಿಯೇ ದೊಡ್ಡವನಾಗಿದ್ದಾನೆ, ಅವನು ಅಪ್ಪನ ಬಗ್ಗೆ ಕೇಳುವ ಪ್ರಶ್ನೆಗಳೂ ದೊಡ್ಡವಾಗಿವೆ. ಈಗ ಒಟ್ಟಿಗೆ ನೋಡುವವರಿಗೆ ಆ ಏಳು ವರ್ಷ ಒಂದೇ ರಾತ್ರಿಯಲ್ಲಿ ಕಳೆದುಹೋಗುತ್ತದೆ, ಅದೊಂದು ನಷ್ಟ. ಎಚ್ಚರಿಕೆ ಅಂದ್ರೆ, ಕಥೆಯ ಬುಡದಲ್ಲೇ ಒಂದು ಅತ್ಯಾಚಾರ ಇದೆ, ಮೊದಲ ಸೀಸನ್ನಿನ ನಾಲ್ಕನೇ ಎಪಿಸೋಡಿನ ಹೊಡೆತ ನೋಡಲು ಕಷ್ಟ. ದೊಡ್ಡವರು ಕೂತು ನೋಡಬಹುದು, ಮಕ್ಕಳು ಬೇಡ. ಯಾರ್ಕ್‌ಶೈರ್ ಮಾತಿಗೆ ಸಬ್‌ಟೈಟಲ್ ಬೇಕು, ಆದರೆ ಮುಖಗಳೇ ಅರ್ಧ ಕಥೆ ಹೇಳುತ್ತವೆ.

ಹಿಂಸೆ ಕಣ್ಣಿಗೆ ಕಾಣುವುದು ಬೇಡ, ದುಃಖ ಆದರೂ ಪರವಾಗಿಲ್ಲ ಅನ್ನುವವರಿಗೆ ‘ಬ್ರಾಡ್‌ಚರ್ಚ್’ನ ಮೊದಲ ಸೀಸನ್. 2013ರದ್ದು, ಎಂಟು ಎಪಿಸೋಡು, ಡಾರ್ಸೆಟ್ ಕಡಲದಂಡೆಯ ಸಣ್ಣ ಊರು, ಸತ್ತ ಒಬ್ಬ ಬಾಲಕ, ಎಲ್ಲರ ಮೇಲೂ ಅನುಮಾನ. ಅಪ್ಪಟ ‘ಯಾರು ಮಾಡಿದ್ದು’ ಹಸಿವಿಗೆ ಇದು ಸರಿಯಾದ ಊಟ. ಮೂರು ಸೀಸನ್ ಇದೆ, ನನ್ನನ್ನು ಕೇಳಿದರೆ ಮೊದಲನೆಯದಕ್ಕೇ ಎದ್ದುಬಿಡಿ.

‘ಲೈನ್ ಆಫ್ ಡ್ಯೂಟಿ’ ಬೇರೆಯೇ ರುಚಿ. 2012ರಿಂದ 2021ರವರೆಗೆ ಆರು ಸೀಸನ್, 36 ಎಪಿಸೋಡು. ಪೊಲೀಸರನ್ನೇ ಹಿಡಿಯುವ ಪೊಲೀಸರ ಕಥೆ. ಇದನ್ನು ಯಾರಿಗೆ ಹೇಳುತ್ತೇನೆ ಅಂದ್ರೆ, ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಯಲ್ಲಿ ವಕೀಲ ಸಿ.ಎಸ್.ಪಿ. ಕೋರ್ಟಿಗೆ ಬರುವ ದಿನ ಕುಕ್ಕರ್ ಕೂಗಿದರೂ ಏಳದೆ ಕೂರುತ್ತಿದ್ದರಲ್ಲ, ಅವರಿಗೆ. ಗಾಜಿನ ರೂಮು, ಮೇಜು, ಫೈಲು, ರೆಕಾರ್ಡರ್ ಒತ್ತಿದ ಕೂಡಲೇ ಕಿವಿ ಕೊರೆಯುವ ಉದ್ದದ ಬೀಪ್. ‘ನನ್ನನ್ನು ಪ್ರಶ್ನೆ ಮಾಡುವವರು ನನಗಿಂತ ಒಂದು ರ‍್ಯಾಂಕ್ ಆದರೂ ಮೇಲಿರಬೇಕು’ ಅಂತ ಆರೋಪಿ ಅಧಿಕಾರಿ ತಕರಾರು ತೆಗೆಯುವುದು. ಆಮೇಲೆ ಬರೀ ಮಾತು. ಎದ್ದು ಓಡುವ ದೃಶ್ಯಗಳಿಗಿಂತ ಈ ಕೂತ ದೃಶ್ಯಗಳಲ್ಲೇ ಬೆವರು ಬರುತ್ತದೆ. ತೊಂದರೆ ಎರಡು. ಎಲ್ಲದಕ್ಕೂ ಮೂರಕ್ಷರ ನಾಲ್ಕಕ್ಷರದ ಸಂಕ್ಷಿಪ್ತ ಹೆಸರು, ಅದು ಅಭ್ಯಾಸ ಆಗಬೇಕು. ಮತ್ತೆ ಆರನೇ ಸೀಸನ್ನಿನ ಕೊನೆ ತುಂಬ ಅಭಿಮಾನಿಗಳಿಗೆ ಸಪ್ಪೆ ಅನಿಸಿತು, ನನಗೂ.

ಡೆನ್ಮಾರ್ಕಿನ ‘ಫೋರ್‌ಬ್ರಿಡೆಲ್ಸೆನ್’ ಮೊದಲ ಸೀಸನ್ 20 ಎಪಿಸೋಡು, ಒಂದು ಎಪಿಸೋಡು ಅಂದ್ರೆ ತನಿಖೆಯ ಒಂದು ದಿನ. 2007ರಲ್ಲಿ ಬಂದದ್ದು. ಕೊಲೆಯಾದ ಹುಡುಗಿಯ ಅಪ್ಪ ಅಮ್ಮನ ಅಡುಗೆಮನೆಯನ್ನು ಇಷ್ಟು ಹೊತ್ತು ತೋರಿಸಿದ ಪತ್ತೇದಾರಿ ಕಥೆ ನಾನು ಇನ್ನೊಂದು ಕಂಡಿಲ್ಲ. ಅದೇ ಮನೆ, ಅದೇ ಊಟದ ಮೇಜು, ಮಗಳು ಮಾತ್ರ ಇಲ್ಲ. ಇದನ್ನು ಅವರೆಕಾಯಿ ಸುಲಿಯುತ್ತಾ ನೋಡೋಕೆ ಆಗುವುದಿಲ್ಲ, ಡೇನಿಷ್ ಭಾಷೆ, ಕಣ್ಣು ಸಬ್‌ಟೈಟಲ್ ಮೇಲೇ ಇರಬೇಕು. ಕಷ್ಟ ಅಂತ ಇದರ ಅಮೆರಿಕನ್ ರೀಮೇಕ್ ‘ದಿ ಕಿಲ್ಲಿಂಗ್’ಗೆ ಹೋಗುವವರಿದ್ದಾರೆ. ಅದರ ಮೊದಲ ಸೀಸನ್ ಮುಗಿದರೂ ಕೊಲೆಗಾರ ಯಾರು ಅಂತ ಹೇಳುವುದಿಲ್ಲ, ಎರಡನೆಯದರ ಕೊನೆವರೆಗೂ ಕಾಯಿಸುತ್ತಾರೆ. 2011ರಲ್ಲಿ ಜನ ಸಿಟ್ಟಿಗೆದ್ದಿದ್ದು ಸುಮ್ನೆ ಅಲ್ಲ. ಸ್ವೀಡನ್ ಮತ್ತು ಡೆನ್ಮಾರ್ಕ್ ನಡುವಿನ ಸೇತುವೆಯ ಮೇಲೆ, ಗಡಿಗೆರೆಯ ಮೇಲೇ ಹೆಣ ಸಿಗುವ ‘ದಿ ಬ್ರಿಡ್ಜ್’ ಕೂಡ ಇದೇ ಜಾತಿಯದ್ದು, ಓಟ ಜಾಸ್ತಿ, ನಾಲ್ಕು ಸೀಸನ್. ಅದಕ್ಕೂ ರೀಮೇಕ್‌ಗಳಿವೆ, ಮೂಲವನ್ನೇ ಹುಡುಕಿ.

ಪಿಜಿ ಹುಡುಗನ ಲೆಕ್ಕ ಬೇರೆ. ಒಂದು ತಿಂಗಳ ದುಡ್ಡು, ಅದರಲ್ಲಿ ಇಂಟರ್ನಲ್ಸ್ ಬೇರೆ. ಅಂಥವರಿಗೆ ‘ಟ್ರೂ ಡಿಟೆಕ್ಟಿವ್’ ಮೊದಲ ಸೀಸನ್. 2014, ಎಂಟು ಎಪಿಸೋಡು, ಒಂದು ವಾರಾಂತ್ಯಕ್ಕೆ ಮುಗಿಯುತ್ತದೆ. ಪ್ರತಿ ಸೀಸನ್ ಬೇರೆ ಕಥೆ, ಆದ್ದರಿಂದ ಅಲ್ಲೇ ನಿಲ್ಲಿಸಿದರೂ ನಷ್ಟವಿಲ್ಲ. ಲೂಸಿಯಾನದ ಜೌಗು, ಇಬ್ಬರು ಡಿಟೆಕ್ಟಿವ್‌ಗಳು, 1995ರ ಕೇಸು, 2012ರಲ್ಲಿ ಅದರ ಬಗ್ಗೆ ಆ ಇಬ್ಬರನ್ನೇ ಕೂರಿಸಿ ಪ್ರಶ್ನೆ ಕೇಳುತ್ತಾರೆ. ನಾಲ್ಕನೇ ಎಪಿಸೋಡಿನಲ್ಲಿ ಸುಮಾರು ಆರು ನಿಮಿಷ ಕ್ಯಾಮೆರಾ ಎಲ್ಲೂ ಕಟ್ ಆಗದೆ ಮನೆಯಿಂದ ಮನೆಗೆ ಓಡುತ್ತದೆ, ಅದನ್ನು ನಾನು ಎರಡು ಸಲ ಹಿಂದೆ ತಿರುಗಿಸಿ ನೋಡಿದೆ. ವಾರಕ್ಕೊಂದು ಬರುತ್ತಿದ್ದಾಗ ಜನ ಇದರ ಬಗ್ಗೆ ಎಷ್ಟು ಥಿಯರಿ ಕಟ್ಟಿದ್ದರು ಅಂದ್ರೆ, ಕೊನೆಗೆ ಬಂದ ಉತ್ತರ ಆ ಥಿಯರಿಗಳಿಗಿಂತ ಚಿಕ್ಕದಾಗಿ ಕಂಡಿತು. ಏನೂ ಓದದೆ ನೋಡುವವರಿಗೆ ಆ ಬೇಜಾರಿಲ್ಲ. ಮಕ್ಕಳ ಮೇಲಿನ ಕ್ರೌರ್ಯದ ವಿಷಯ ಇದೆ, ಮನಸ್ಸು ಸರಿ ಇಲ್ಲದ ದಿನ ಬೇಡ.

ಆ್ಯಪ್ ಯಾವುದು ಅಂತ ಕೇಳುವವರಿಗೆ: ಹೊರಗಿನ ಸೀರೀಸ್‌ಗಳು ಬಾಡಿಗೆದಾರರ ಹಾಗೆ ಮನೆ ಬದಲಿಸುತ್ತವೆ. ಎಚ್‌ಬಿಒದವು 2023ರ ಮಾರ್ಚ್ ಕೊನೆಗೆ ಹಾಟ್‌ಸ್ಟಾರ್ ಬಿಟ್ಟು ಜಿಯೋಸಿನಿಮಾಗೆ ಹೋದವು, 2025ರಲ್ಲಿ ಆ ಎರಡೂ ಸೇರಿ ಒಂದೇ ಆದವು. ದುಡ್ಡು ಕಟ್ಟುವ ಮೊದಲು ಅವತ್ತೇ ಹುಡುಕಿ ನೋಡಿ, ಎಲ್ಲ ಸೀಸನ್ ಇದೆಯಾ ಅಂತಲೂ.

ಸ್ವಂತ ಮನೆಯಲ್ಲಿ ಗಟ್ಟಿಯಾಗಿ ಕೂತವು ನಮ್ಮವೇ. ನೆಟ್‌ಫ್ಲಿಕ್ಸ್‌ನ ‘ಡೆಲ್ಲಿ ಕ್ರೈಂ’ ಮೊದಲ ಸೀಸನ್ 2019ರದ್ದು, ಏಳು ಎಪಿಸೋಡು, 2012ರ ಡಿಸೆಂಬರ್‌ನ ನಿರ್ಭಯಾ ಪ್ರಕರಣದ ತನಿಖೆ. 2020ರಲ್ಲಿ ಇಂಟರ್‌ನ್ಯಾಷನಲ್ ಎಮ್ಮಿಯ ಅತ್ಯುತ್ತಮ ಡ್ರಾಮಾ ಪ್ರಶಸ್ತಿ ಪಡೆದ ಮೊದಲ ಭಾರತೀಯ ಸೀರೀಸ್. ಘಟನೆಯನ್ನು ತೋರಿಸುವುದಿಲ್ಲ, ಅದು ಒಳ್ಳೆಯ ನಿರ್ಧಾರ. ಆದರೆ ಎಲ್ಲವನ್ನೂ ಪೊಲೀಸರ ಕಣ್ಣಿಂದಲೇ ನೋಡುತ್ತೇವೆ, ಅವರ ಕಡೆಗೇ ವಾಲಿದೆ ಅನ್ನುವ ಮಾತು ಸುಳ್ಳಲ್ಲ. ಪ್ರೈಮ್‌ನ ‘ಪಾತಾಳ್ ಲೋಕ್’ನಲ್ಲಿ ಆ ವಾಲುವಿಕೆ ಇಲ್ಲ. ದೆಹಲಿಯ ಜಮುನಾಪಾರ್ ಠಾಣೆಯ ಹಾಥಿರಾಮ್ ಚೌಧರಿ ಇಲಾಖೆಯಲ್ಲೂ ಸೋತವನು, ಮನೆಯಲ್ಲಿ ಮಗನ ಮುಂದೆಯೂ ಸೋತವನು. ಆ ಪಾತ್ರ ಮಾಡಿದ ಜೈದೀಪ್ ಅಹ್ಲಾವತ್ ಅವರ ಭುಜ ನೋಡಿದರೇ ಅದು ಗೊತ್ತಾಗುತ್ತದೆ. ಜಾತಿ, ಚಾನೆಲ್ಲು, ಹಳ್ಳಿಯ ಕ್ರೌರ್ಯ ಎಲ್ಲ ಒಂದೇ ಕೇಸಿನಲ್ಲಿ ಬಿಚ್ಚಿಕೊಳ್ಳುತ್ತದೆ. ವೈರ್ ಕೊಡುವ ರುಚಿ ಒಂಬತ್ತೇ ಎಪಿಸೋಡಿನಲ್ಲಿ ಬೇಕು ಅಂದ್ರೆ ಇದೇ ಸರಿ. ಕಿವಿ ಮುಚ್ಚಿಕೊಳ್ಳುವಂಥ ಬೈಗುಳ ಇದೆ. ಎರಡನೇ ಸೀಸನ್ 2025ರಲ್ಲಿ ಬಂತು, ನಾಗಾಲ್ಯಾಂಡಿಗೆ ಹೋಗುತ್ತದೆ, ಅದೂ ಸೋಲುವುದಿಲ್ಲ.

ಯಾವುದನ್ನೇ ಆರಿಸಿ, ಜೊತೆಗೊಬ್ಬರನ್ನು ಹಿಡಿದುಕೊಳ್ಳಿ. ಎಪಿಸೋಡು ಆದ ಮೇಲೆ ಜಗಳ ಆಡೋಕೆ ಯಾರೂ ಇಲ್ಲದಿದ್ದರೆ ಅರ್ಧ ಮಜಾ ಹೋಯಿತು. ಇಬ್ಬರೂ ಒಂದೇ ಎಪಿಸೋಡಿನಲ್ಲಿರಬೇಕು, ಮುಂದೆ ಓಡಿದವರಿಗೆ ದಂಡ, ನಮ್ಮ ಗುಂಪಿನಲ್ಲಿ ಒಂದು ಪ್ಲೇಟ್ ಗೋಬಿ. ಪಾತ್ರಗಳ ಹೆಸರನ್ನು ಮಾತ್ರ ಇಂಟರ್ನೆಟ್ಟಿನಲ್ಲಿ ಹುಡುಕಬೇಡಿ. ಈ ನಟನನ್ನು ಎಲ್ಲೋ ನೋಡಿದ್ದೇನಲ್ಲ ಅಂತ ನಾನು ಒಂದು ಹೆಸರು ಹಾಕಿದೆ, ಪೂರ್ತಿ ಟೈಪ್ ಮಾಡುವಷ್ಟರಲ್ಲಿ ಕೆಳಗೆ ತಾನಾಗೇ ‘ಸಾವು’ ಅಂತ ಬಂತು. ಇನ್ನೂ ಮೂರನೇ ಎಪಿಸೋಡಿನಲ್ಲಿದ್ದೆ.

ಆ ಮೂವರಿಗೆ ಈ ಸಲ ಬೇರೆ ಬೇರೆ ಚೀಟಿ ಬರೆದುಕೊಟ್ಟೆ. ಅತ್ತಿಗೆ ಹ್ಯಾಪಿ ವ್ಯಾಲಿಯನ್ನು ಹದಿನೆಂಟು ರಾತ್ರಿಯಲ್ಲಿ ಮುಗಿಸಿದರು, ದಿನಕ್ಕೊಂದೇ, ಒಂದು ದಿನವೂ ತಪ್ಪಿಸಲಿಲ್ಲ. ಪಿಜಿ ಹುಡುಗ ಟ್ರೂ ಡಿಟೆಕ್ಟಿವ್ ಮುಗಿಸಿ, ತಿಂಗಳು ಇನ್ನೂ ಬಾಕಿ ಇದೆ ಅಂತ ಸೋಪ್ರಾನೋಸ್‌ಗೆ ಕೈ ಹಾಕಿದ್ದಾನೆ, ಇಂಟರ್ನಲ್ಸ್ ಕಥೆ ಏನೋ ಗೊತ್ತಿಲ್ಲ. ನೈಟ್ ಶಿಫ್ಟ್ ಗೆಳೆಯನಿಗೆ ಬಿಡುವು ಸಿಕ್ಕಾಗ ವೈರ್ ಅನ್ನೇ ಮತ್ತೆ ಶುರು ಮಾಡಿಸಿದೆ, ಸಬ್‌ಟೈಟಲ್ ಸಮೇತ. ಈಗ ಎರಡನೇ ಸೀಸನ್ನಿನ ಬಂದರಿನಲ್ಲಿ ಸಿಕ್ಕಿಕೊಂಡಿದ್ದಾನೆ. ಬೆಳಗಿನ ಜಾವ ನಾಲ್ಕು ಗಂಟೆಗೆ ಮೆಸೇಜ್ ಬರುತ್ತದೆ: ‘ಈ ಕಂಟೇನರ್ ಲೆಕ್ಕ ಯಾವಾಗ ಮುಗಿಯತ್ತೋ ಮಾರಾಯ?’